ಒಂದೇ ವರ್ಷಕ್ಕೆ ತಾರಾ ಆಟಗಾರ: ಅಪಾಯದ ಟ್ರೇಡ್ ಪ್ರಸ್ತಾವವನ್ನು ಬರೆಯುವ ಕ್ರಮ

2018ರ ಜುಲೈ 18ರಂದು ಉತ್ತರ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ತಂಡವು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಿಂದ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಮೂಲಕ ಕವಾಯ್ ಲೆನರ್ಡ್ ಅವರನ್ನು ಪಡೆಯಿತು. ಅವರ ಒಪ್ಪಂದದಲ್ಲಿ ಖಚಿತವಾಗಿ ಉಳಿದಿದ್ದುದು ಒಂದೇ ಋತು. ಅದರ ಮುಂದಿನ ವರ್ಷ ಇರುವುದೋ ಹೋಗುವುದೋ ಎಂಬ ತೀರ್ಮಾನ ಅವರ ಕೈಯಲ್ಲಿತ್ತು. ಹಿಂದಿನ ಋತುವಿನಲ್ಲಿ ಬಲತೊಡೆಯ ಸ್ನಾಯುವಿನ ತೊಂದರೆಯಿಂದ ಅವರು ಆಡಿದ್ದು ಕೇವಲ 9 ಪಂದ್ಯ. ತವರಾದ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಮರಳುವ ಒಲವು ಅವರಿಗಿದೆ ಎಂದು ಪತ್ರಿಕೆಗಳು ತಿಂಗಳುಗಟ್ಟಲೆ ಬರೆದಿದ್ದವು. ಇಷ್ಟೆಲ್ಲ ಗೊತ್ತಿದ್ದೂ ತಂಡದ ಅಧ್ಯಕ್ಷ ಮಸಾಯ್ ಉಜಿರಿ ಅವರು ಒಂಬತ್ತು ವರ್ಷ ಟೊರಾಂಟೊದಲ್ಲೇ ಆಡಿದ್ದ ಡಿಮಾರ್ ಡಿರೋಜನ್ ಅವರನ್ನು ಬಿಟ್ಟುಕೊಟ್ಟರು. ಇಂತಹ ಟ್ರೇಡ್ ಒಂದನ್ನು ನೀವು ಪ್ರಸ್ತಾಪಿಸಬೇಕೆಂದಿದ್ದರೆ, ಅದು ಕ್ರೀಡಾ ನಿರ್ವಹಣೆಯ ತರಗತಿಗಾಗಿಯೇ ಇರಲಿ, ನಿಮ್ಮ ಮೆಚ್ಚಿನ ತಂಡದ ಬಗ್ಗೆ ಸ್ನೇಹಿತರ ಮುಂದೆ ಇಡುವುದಕ್ಕಾಗಿಯೇ ಇರಲಿ, ಈ ಒಂದು ವ್ಯವಹಾರವನ್ನು ಎಳೆಎಳೆಯಾಗಿ ಬಿಡಿಸಿ ನೋಡುವುದಕ್ಕಿಂತ ಉತ್ತಮ ಅಭ್ಯಾಸ ನನಗೆ ತೋಚುವುದಿಲ್ಲ.

ಪ್ರಸ್ತಾವವನ್ನು ಆಟಗಾರನ ಗುಣಗಾನದಿಂದ ಆರಂಭಿಸಬೇಡಿ. ಲೆನರ್ಡ್ 2014ರ ಫೈನಲ್ಸ್‌ನ ಶ್ರೇಷ್ಠ ಆಟಗಾರ, ಎರಡು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಎಂಬುದು ಓದುವವರಿಗೆಲ್ಲ ಗೊತ್ತು. ಮೊದಲ ಪುಟದಲ್ಲಿ ಬರೆಯಬೇಕಾದದ್ದು ನಿಮ್ಮ ತಂಡದ ಈಗಿನ ಸ್ಥಿತಿಯನ್ನು, ಅದೂ ಮುಚ್ಚುಮರೆಯಿಲ್ಲದೆ. 2017-18ರಲ್ಲಿ ರ‍್ಯಾಪ್ಟರ್ಸ್ 59 ಪಂದ್ಯಗಳನ್ನು ಗೆದ್ದು ಲೀಗ್‌ನ ಎರಡು ವಲಯಗಳ ಪೈಕಿ ಪೂರ್ವ ವಲಯದಲ್ಲಿ ಮೊದಲ ಸ್ಥಾನ ಪಡೆದಿತ್ತು. ಆದರೆ 2016, 2017, 2018 ಹೀಗೆ ಮೂರು ವರ್ಷ ಸತತವಾಗಿ ಲೆಬ್ರಾನ್ ಜೇಮ್ಸ್ ಇದ್ದ ಕ್ಲೀವ್‌ಲ್ಯಾಂಡ್ ತಂಡದ ಎದುರು ಋತುವಿನ ಕೊನೆಯ ಪ್ರಶಸ್ತಿ ಸುತ್ತುಗಳಾದ ಪ್ಲೇ ಆಫ್‌ನಲ್ಲಿ ಸೋತಿತ್ತು, ಕೊನೆಯ ಎರಡು ಸಲ ಒಂದು ಪಂದ್ಯವನ್ನೂ ಗೆಲ್ಲದೆ. ಅದೇ ಬೇಸಿಗೆಯಲ್ಲಿ ಜೇಮ್ಸ್ ಪಶ್ಚಿಮ ವಲಯದ ಲೇಕರ್ಸ್ ತಂಡಕ್ಕೆ ಹೋದರು. ತಂಡ ಒಳ್ಳೆಯದಾಗಿದ್ದರೂ ಒಂದು ಹಂತದಲ್ಲಿ ನಿಂತುಬಿಟ್ಟಿದೆ ಮತ್ತು ಎದುರಿಗಿದ್ದ ದೊಡ್ಡ ಅಡ್ಡಿ ಈಗ ತಾನಾಗಿಯೇ ಸರಿದಿದೆ ಎಂಬ ಎರಡು ಮಾತುಗಳು ಒಟ್ಟಿಗೆ ನಿಜವಾದಾಗ ಮಾತ್ರ ಒಂದು ವರ್ಷದ ತಾರೆಗೆ ಅರ್ಥವಿದೆ. 35 ಪಂದ್ಯ ಗೆಲ್ಲುವ ತಂಡ ಇಂತಹ ಆಟಗಾರನನ್ನು ತಂದರೆ 45 ಗೆದ್ದು ಮೊದಲ ಸುತ್ತಿನಲ್ಲೇ ಹೊರಬೀಳಬಹುದು, ಆಮೇಲೆ ಅವನೂ ಇಲ್ಲ, ಅವನಿಗಾಗಿ ಕೊಟ್ಟದ್ದೂ ಇಲ್ಲ. ನಿಮ್ಮ ತಂಡ ಆ ಸ್ಥಿತಿಯಲ್ಲಿದ್ದರೆ ಪ್ರಸ್ತಾವವನ್ನು ಅಲ್ಲಿಗೇ ನಿಲ್ಲಿಸುವುದು ಮೇಲು.

ಎರಡನೆಯದಾಗಿ, ಅವನು ಹೊರಟುಹೋದ ಮರುದಿನದ ಪುಟವನ್ನು ಬೆಲೆಯ ಪುಟಕ್ಕಿಂತ ಮೊದಲೇ ಬರೆಯಿರಿ. ಒಂದು ಹಂಗಾಮಿಗೆ ಹೊಲವನ್ನು ಗುತ್ತಿಗೆಗೆ ಹಿಡಿದ ರೈತ ಅಲ್ಲಿ ತೆಂಗಿನ ಸಸಿ ನೆಡುವುದಿಲ್ಲ, ಗುತ್ತಿಗೆಯ ಹಣಕ್ಕಾಗಿ ಮನೆಯ ಬಿತ್ತನೆ ಬೀಜವನ್ನೂ ಮಾರುವುದಿಲ್ಲ. ಟೊರಾಂಟೊ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಪಾಸ್ಕಲ್ ಸಿಯಾಕಮ್, ಓಜಿ ಅನುನೋಬಿ, ಫ್ರೆಡ್ ವ್ಯಾನ್‌ವ್ಲೀಟ್ ಈ ಮೂವರು ಕಿರಿಯ ಆಟಗಾರರನ್ನೂ ಅದು ಕೈಬಿಡಲಿಲ್ಲ. ಹೊರಗೆ ಕಳುಹಿಸಿದ ಡಿರೋಜನ್ ಅವರ ಒಪ್ಪಂದ 2021ರವರೆಗೂ ಸಾಗಬಹುದಾಗಿತ್ತು. ಒಳಗೆ ಉಳಿದ ಕೈಲ್ ಲೌರಿ ಮತ್ತು ಸರ್ಜ್ ಇಬಾಕಾ ಅವರ ಒಪ್ಪಂದಗಳು 2020ರಲ್ಲಿ ಮುಗಿಯುವವಾಗಿದ್ದವು. ಲೆನರ್ಡ್ ಉಳಿಯದಿದ್ದರೆ ಹಿರಿಯರ ಒಪ್ಪಂದಗಳು ಒಂದೊಂದಾಗಿ ಮುಗಿಯುತ್ತ ಬಂದು, ಕಿರಿಯರ ಸುತ್ತ ತಂಡವನ್ನು ಮತ್ತೆ ಕಟ್ಟುವ ದಾರಿ ತೆರೆದೇ ಇತ್ತು. ಈ ಪುಟವನ್ನು ಬರೆಯುವಾಗ ನಿಮ್ಮ ಕೈ ತಡವರಿಸಿದರೆ, ಉಳಿದ ಪುಟಗಳು ಎಷ್ಟೇ ಚೆನ್ನಾಗಿದ್ದರೂ ಪ್ರಸ್ತಾವ ದುರ್ಬಲವೆಂದೇ ತಿಳಿಯಿರಿ.

ಈಗ ಗಾಯದ ವಿಚಾರ. ಇದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಒಂದು ವರ್ಷಕ್ಕಷ್ಟೇ ಸಿಗುವ ಆಟಗಾರ ಆ ವರ್ಷ ಅಂಗಳಕ್ಕೆ ಇಳಿಯದಿದ್ದರೆ ಕಾದು ನೋಡಲು ಎರಡನೆಯ ವರ್ಷವೇ ಇರುವುದಿಲ್ಲ. 2012ರ ಆಗಸ್ಟ್‌ನಲ್ಲಿ ನಾಲ್ಕು ತಂಡಗಳ ನಡುವೆ ನಡೆದ ಟ್ರೇಡ್‌ನಲ್ಲಿ ಫಿಲಡೆಲ್ಫಿಯಾ ತಂಡವು ಒಂದೇ ವರ್ಷದ ಒಪ್ಪಂದ ಉಳಿದಿದ್ದ ಆ್ಯಂಡ್ರ್ಯೂ ಬೈನಮ್ ಅವರನ್ನು ತಂದಿತು. ಅದಕ್ಕಾಗಿ ಆಂಡ್ರೆ ಇಗುಡಾಲ, ನಿಕೊಲಾ ವುಚೆವಿಚ್, ಮೊ ಹಾರ್ಕ್‌ಲೆಸ್ ಅವರನ್ನೂ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ; ಹೆಚ್ಚು ಸೋತ ತಂಡಗಳಿಗೆ ಮುಂಚಿನ ಸರದಿ) ಒಂದನ್ನೂ ಕೊಟ್ಟಿತು. ಮೊಣಕಾಲಿನ ತೊಂದರೆಯಿಂದ ಬೈನಮ್ ಆ ತಂಡಕ್ಕಾಗಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಋತು ಮುಗಿಯಿತು, ಒಪ್ಪಂದ ಮುಗಿಯಿತು, ಅವರು ಹೊರಟರು. ವುಚೆವಿಚ್ ಮುಂದೆ ಒರ್ಲ್ಯಾಂಡೊದಲ್ಲಿ ಲೀಗ್‌ನ ಶ್ರೇಷ್ಠರ ಸಾಲಿನ ಆಲ್‌ಸ್ಟಾರ್ ಆದರು. ಆದುದರಿಂದ ನಿಮ್ಮ ಪ್ರಸ್ತಾವದಲ್ಲಿ "ಆಟಗಾರ ಚೇತರಿಸಿಕೊಳ್ಳುತ್ತಿದ್ದಾರೆ" ಎಂಬ ಒಂದು ಸಾಲು ಸಾಲದು. ಗಾಯ ಕೀಲಿನದೋ ಸ್ನಾಯುವಿನದೋ, ಅದು ಎಷ್ಟನೆಯ ಬಾರಿ ಮರುಕಳಿಸಿದೆ, ಕಳೆದ ಮೂರು ಋತುಗಳಲ್ಲಿ ಎಷ್ಟು ಪಂದ್ಯಗಳು ತಪ್ಪಿವೆ, ಎರಡು ದಿನ ಸತತವಾಗಿ ಆಡಿದ ದಾಖಲೆ ಇದೆಯೇ ಎಂಬುದನ್ನೆಲ್ಲ ಬರೆಯಬೇಕು. ಟ್ರೇಡ್ ಪೂರ್ಣವಾಗುವ ಮೊದಲು ವೈದ್ಯಕೀಯ ಪರೀಕ್ಷೆಯ ಅವಕಾಶ ಇದ್ದೇ ಇರುತ್ತದೆ; ಅದರಲ್ಲಿ ಏನು ಕಂಡರೆ ಹಿಂದೆ ಸರಿಯುತ್ತೀರಿ ಎಂಬುದನ್ನು ಪರೀಕ್ಷೆಗೆ ಮೊದಲೇ ನಿಗದಿ ಮಾಡಿ. ವ್ಯವಹಾರ ಬಾಯಿಮಾತಿನಲ್ಲಿ ಕುದುರಿದ ಮೇಲೆ ಹಿಂದೆ ಸರಿಯುವ ಧೈರ್ಯ ಯಾರಿಗೂ ಸುಲಭವಾಗಿ ಬರುವುದಿಲ್ಲ.

ಇದರ ಜೊತೆಗೇ, ಆಟಗಾರನನ್ನು ಹೇಗೆ ಬಳಸುತ್ತೀರಿ ಎಂಬ ಯೋಜನೆಯೂ ಇರಲಿ. ಟೊರಾಂಟೊ ಲೆನರ್ಡ್ ಅವರನ್ನು ಲೀಗ್ ಹಂತದ 82 ಪಂದ್ಯಗಳ ಪೈಕಿ 60ರಲ್ಲಿ ಮಾತ್ರ ಆಡಿಸಿತು, ಬೆನ್ನುಬೆನ್ನಿಗೆ ಬರುವ ಪಂದ್ಯಗಳಲ್ಲಿ ಅವರಿಗೆ ವಿಶ್ರಾಂತಿ ಕೊಟ್ಟಿತು. ಅವರಿಲ್ಲದ 22 ಪಂದ್ಯಗಳಲ್ಲಿ ತಂಡ 17 ಗೆದ್ದಿತು ಎಂಬುದು ಈ ಯೋಜನೆಯನ್ನು ಸಾಧ್ಯವಾಗಿಸಿದ ಸಂಗತಿ. ವಿಶ್ರಾಂತಿ ಕೊಡುವಷ್ಟು ಬಲ ಉಳಿದ ಆಟಗಾರರಲ್ಲಿ ಇಲ್ಲದಿದ್ದರೆ, ಗಾಯದಿಂದ ಎದ್ದುಬಂದವನನ್ನು ನವೆಂಬರ್‌ನಲ್ಲೇ ದಣಿಸಬೇಕಾಗುತ್ತದೆ. ಇಲ್ಲಿ ಆ ವಿಶ್ರಾಂತಿಯ ಫಲವಾಗಿ ಪ್ಲೇ ಆಫ್‌ನ 24 ಪಂದ್ಯಗಳನ್ನೂ ಲೆನರ್ಡ್ ಆಡಿದರು, ಪಂದ್ಯವೊಂದಕ್ಕೆ ಸರಾಸರಿ 30.5 ಅಂಕ ಗಳಿಸಿದರು.

ಬೆಲೆಗೆ ಬನ್ನಿ. ಸ್ಪರ್ಸ್ ತಂಡಕ್ಕೆ ಟೊರಾಂಟೊ ಕೊಟ್ಟದ್ದು ಡಿರೋಜನ್, ಯಾಕೊಬ್ ಪೋಲ್ಟಲ್ ಮತ್ತು 2019ರ ಮೊದಲ ಸುತ್ತಿನ ಪಿಕ್. ಪಡೆದದ್ದು ಲೆನರ್ಡ್ ಜೊತೆಗೆ ಡ್ಯಾನಿ ಗ್ರೀನ್. ಆ ಪಿಕ್‌ಗೆ ಹಾಕಿದ್ದ ಷರತ್ತನ್ನು ಗಮನಿಸಿ: ಅದು ಮೊದಲ 20ರೊಳಗೆ ಬಂದರೆ ಟೊರಾಂಟೊದಲ್ಲೇ ಉಳಿಯುತ್ತದೆ, ಬದಲಿಗೆ ಎರಡನೆಯ ಸುತ್ತಿನ ಎರಡು ಪಿಕ್‌ಗಳನ್ನು ಕೊಟ್ಟರಾಯಿತು. ಅಂದರೆ, ಲೆನರ್ಡ್ ಗಾಯಗೊಂಡು ತಂಡ ಕುಸಿದರೆ ಪಿಕ್ ಉಳಿಯುತ್ತದೆ. ತಂಡ ಚೆನ್ನಾಗಿ ಆಡಿದರೆ ಮಾತ್ರ, ಕೊನೆಯ ಕಡೆಯ ಕಡಿಮೆ ಬೆಲೆಯ ಪಿಕ್ ಕೈಬಿಡುತ್ತದೆ. ನಡೆದದ್ದೂ ಅದೇ, ಪಿಕ್ 29ನೆಯದಾಯಿತು. ಅದರಲ್ಲೂ ಸ್ಪರ್ಸ್ ತಂಡ ಕೆಲ್ಡನ್ ಜಾನ್ಸನ್ ಎಂಬ ಒಳ್ಳೆಯ ಆಟಗಾರನನ್ನು ಆರಿಸಿಕೊಂಡಿತು ಎಂಬುದು ಅವರ ಜಾಣ್ಮೆ. ನಷ್ಟವಾದ ವರ್ಷದಲ್ಲಿ ಕಡಿಮೆ ತೆತ್ತು, ಲಾಭವಾದ ವರ್ಷದಲ್ಲಿ ಹೆಚ್ಚು ತೆರುವ ಹಾಗೆ ಷರತ್ತು ಬರೆಯುವುದು ಈ ಬಗೆಯ ಟ್ರೇಡ್‌ನ ಜೀವಾಳ ಎಂದು ನಾನು ಭಾವಿಸುತ್ತೇನೆ. ಷರತ್ತಿಲ್ಲದ ಪಿಕ್‌ಗಳನ್ನು ದೂರದ ವರ್ಷಗಳಿಗೆ ಬರೆದುಕೊಟ್ಟರೆ ಏನಾಗುತ್ತದೆಂಬುದಕ್ಕೆ ಬ್ರೂಕ್ಲಿನ್ ತಂಡದ 2013ರ ಟ್ರೇಡ್ ಇದೆ: ವಯಸ್ಸಾದ ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್ ಅವರಿಗಾಗಿ ಬಾಸ್ಟನ್‌ಗೆ ಕೊಟ್ಟ ಪಿಕ್‌ಗಳ ದಾರಿಯಿಂದಲೇ ಜೇಲನ್ ಬ್ರೌನ್ ಮತ್ತು ಜೇಸನ್ ಟೇಟಮ್ ಬಾಸ್ಟನ್ ಸೇರಿದರು. ಸತತ ಎರಡು ಭವಿಷ್ಯದ ವರ್ಷಗಳಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳಬಾರದೆಂಬ ಸ್ಟೆಪಿಯನ್ ನಿಯಮವಿದ್ದರೂ ಅದು ಇಂತಹ ನಷ್ಟವನ್ನು ಪೂರ್ತಿ ತಡೆಯುವುದಿಲ್ಲ.

ಸಂಬಳದ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದು ತೋರಿಸಿ. ಡಿರೋಜನ್ ಅವರದು ಸುಮಾರು 2 ಕೋಟಿ 77 ಲಕ್ಷ ಡಾಲರ್, ಪೋಲ್ಟಲ್ ಅವರದು ಸುಮಾರು 30 ಲಕ್ಷ, ಸೇರಿ 3 ಕೋಟಿ 7 ಲಕ್ಷ. ಲೆನರ್ಡ್ ಅವರದು 2 ಕೋಟಿ 31 ಲಕ್ಷ, ಗ್ರೀನ್ ಅವರದು 1 ಕೋಟಿ, ಸೇರಿ 3 ಕೋಟಿ 31 ಲಕ್ಷ. ಒಟ್ಟು ಸಂಬಳ ನಿಗದಿತ ಮಟ್ಟ ಮೀರಿದ್ದಕ್ಕೆ ಲೀಗ್‌ಗೆ ಐಷಾರಾಮಿ ತೆರಿಗೆ ಕಟ್ಟುವ ತಂಡ ತಾನು ಕಳುಹಿಸಿದ ಸಂಬಳದ ಶೇ 125ರಷ್ಟು ಮತ್ತು ಮೇಲೆ 1 ಲಕ್ಷ ಡಾಲರ್‌ವರೆಗೆ ಪಡೆಯಬಹುದೆಂಬುದು ಆಗಿನ ನಿಯಮವಾಗಿದ್ದುದರಿಂದ ಈ ಟ್ರೇಡ್ ಸಲೀಸಾಗಿ ಹೊಂದಿಕೊಂಡಿತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದದ ನಂತರ ಲೆಕ್ಕ ಬಿಗಿಯಾಗಿದೆ. ಒಟ್ಟು ಸಂಬಳಕ್ಕೆ ಹಾಕಿರುವ ಮೊದಲ ಏಪ್ರನ್ ಎಂಬ ಮಿತಿಯನ್ನು ಮೀರಿದ ತಂಡ ಕಳುಹಿಸಿದ್ದಕ್ಕಿಂತ ಹೆಚ್ಚು ಸಂಬಳವನ್ನು ಪಡೆಯುವಂತಿಲ್ಲ. ಅದಕ್ಕಿಂತ ಮೇಲಿನ ಮಿತಿಯಾದ ಎರಡನೆಯ ಏಪ್ರನ್ ಮೀರಿದರೆ ಇಬ್ಬರ ಸಂಬಳವನ್ನು ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತೆಯೇ ಇಲ್ಲ. ನಿಮ್ಮ ತಂಡ ಯಾವ ಮಿತಿಯ ಎಷ್ಟು ಸಮೀಪದಲ್ಲಿದೆ ಎಂದು ನೋಡದೆ ಬರೆದ ಪ್ರಸ್ತಾವ, ಎಷ್ಟೇ ಆಕರ್ಷಕವಾಗಿದ್ದರೂ, ಲೀಗ್‌ನ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ.

ಎದುರು ತಂಡದ ಕುರ್ಚಿಯಲ್ಲಿ ಕುಳಿತೂ ಒಂದು ಪುಟ ಬರೆಯಿರಿ. ಸ್ಪರ್ಸ್ ತಂಡಕ್ಕೆ ಪಿಕ್‌ಗಳ ರಾಶಿಗಿಂತ ತಕ್ಷಣ ಆಡಿ ಗೆಲ್ಲಿಸುವ ಆಟಗಾರ ಬೇಕಾಗಿದ್ದ. ಡಿರೋಜನ್ ಬಂದ ಆ ವರ್ಷವೂ ಅದು ಪ್ಲೇ ಆಫ್ ತಲುಪಿ ಸತತ 22 ವರ್ಷಗಳ ಸರಣಿಯನ್ನು ಉಳಿಸಿಕೊಂಡಿತು. ತನ್ನದೇ ವಲಯದ ಲೇಕರ್ಸ್ ತಂಡವನ್ನು ತಾನೇ ಬಲಪಡಿಸುವ ಬದಲು ಆಟಗಾರನನ್ನು ಪೂರ್ವ ವಲಯಕ್ಕೆ ಕಳುಹಿಸುವುದು ಅದಕ್ಕೆ ಅನುಕೂಲವೂ ಆಗಿತ್ತು.

ಕಳುಹಿಸಲ್ಪಡುವ ಮನುಷ್ಯನ ಬಗ್ಗೆ ಬಹುತೇಕ ಪ್ರಸ್ತಾವಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಇದು ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ. ಡಿರೋಜನ್ 2016ರಲ್ಲಿ ಬೇರಾವ ತಂಡದೊಡನೆಯೂ ಮಾತುಕತೆಗೆ ಕೂರದೆ ಟೊರಾಂಟೊದಲ್ಲೇ ಉಳಿಯಲು ಸಹಿ ಹಾಕಿದವರು. ತಮ್ಮನ್ನು ಕಳುಹಿಸುವುದಿಲ್ಲವೆಂಬ ಭಾವನೆಯಲ್ಲಿದ್ದ ಅವರು ತಮಗೆ ಮೋಸವಾಯಿತೆಂದು ಬಹಿರಂಗವಾಗಿಯೇ ಹೇಳಿದರು. ಉಜಿರಿ ಅವರು ಮಾತುಕತೆಯಲ್ಲಿ ಅಂತರ ಉಂಟಾಯಿತೆಂದು ಒಪ್ಪಿ ಕ್ಷಮೆ ಕೇಳಬೇಕಾಯಿತು. ಯಾರು, ಯಾವಾಗ, ಯಾವ ಮಾತುಗಳಲ್ಲಿ ಆಟಗಾರನಿಗೆ ತಿಳಿಸುತ್ತಾರೆ ಎಂಬುದನ್ನೂ, ಟ್ರೇಡ್ ಸಾಧ್ಯತೆ ಇರುವಾಗ ಅವನಿಗೆ ಯಾವ ಭರವಸೆಯನ್ನೂ ಕೊಡಬಾರದೆಂಬುದನ್ನೂ ಪ್ರಸ್ತಾವದಲ್ಲಿ ಸೇರಿಸಿ. ತಂಡದಲ್ಲಿ ಉಳಿಯುವವರು ಇದನ್ನು ನೋಡುತ್ತಿರುತ್ತಾರೆ. ಡಿರೋಜನ್ ಅವರ ಆಪ್ತ ಗೆಳೆಯ ಲೌರಿ ಮರುದಿನವೂ ಅದೇ ತಂಡದ ಪಾಯಿಂಟ್ ಗಾರ್ಡ್.

ಕೊನೆಯದಾಗಿ, ಪ್ರಶಸ್ತಿ ಗೆಲ್ಲುತ್ತೇವೆಂದು ಬರೆಯಬೇಡಿ. ಗೆಲ್ಲುವ ಸಾಧ್ಯತೆ ಎಷ್ಟರಿಂದ ಎಷ್ಟಕ್ಕೆ ಏರುತ್ತದೆ ಎಂದು ಬರೆಯಿರಿ. 2019ರ ಮೇ 12ರಂದು ಫಿಲಡೆಲ್ಫಿಯಾ ವಿರುದ್ಧದ ಪ್ಲೇ ಆಫ್ ಸರಣಿಯ ನಿರ್ಣಾಯಕ ಏಳನೆಯ ಪಂದ್ಯ ನಡೆದಾಗ ಬೆಂಗಳೂರಿನಲ್ಲಿ ಸೋಮವಾರ ಬೆಳಗಾಗಿತ್ತು. ಇನ್ನು 4.2 ಸೆಕೆಂಡ್ ಇರುವಾಗ ಜಿಮ್ಮಿ ಬಟ್ಲರ್ ಅಂಕಗಳನ್ನು 90-90ಕ್ಕೆ ಸಮಮಾಡಿದರು. ಬಟ್ಲರ್ ಕೂಡ ಅದೇ ಋತುವಿನ ನವೆಂಬರ್‌ನಲ್ಲಿ ಫಿಲಡೆಲ್ಫಿಯಾ ತಂದಿದ್ದ, ಒಪ್ಪಂದ ಮುಗಿಯುತ್ತಿದ್ದ ತಾರೆಯೇ. ಚೆಂಡು ಲೆನರ್ಡ್ ಕೈಗೆ ಬಂತು. ಅವರು ಬಲಮೂಲೆಗೆ ಓಡುತ್ತ, ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್ ಅವರ ಚಾಚಿದ ಕೈಯ ಮೇಲಿಂದ ಎಸೆದರು. ಚೆಂಡು ಬುಟ್ಟಿಯ ಬಳೆಯ ಮೇಲೆ ನಾಲ್ಕು ಸಲ ಪುಟಿಯಿತು, ಆಮೇಲೆ ಒಳಗೆ ಬಿತ್ತು. ನಾಲ್ಕನೆಯ ಪುಟಿತ ಹೊರಗಾಗಿದ್ದರೆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಫಿಲಡೆಲ್ಫಿಯಾ ಗೆದ್ದಿರಬಹುದಿತ್ತು, ಆದರೂ ಟೊರಾಂಟೊದ ಟ್ರೇಡ್ ಸರಿಯಾದ ಲೆಕ್ಕವೇ ಆಗಿರುತ್ತಿತ್ತು. ನಿಮ್ಮ ಪ್ರಸ್ತಾವವನ್ನೂ ಚೆಂಡು ಹೊರಗೆ ಬಿದ್ದ ಸ್ಥಿತಿಯಲ್ಲಿ ಒಮ್ಮೆ ಓದಿ ನೋಡಿ.

ಜೂನ್ 13ರಂದು ಓಕ್‌ಲ್ಯಾಂಡ್‌ನಲ್ಲಿ ಗೋಲ್ಡನ್ ಸ್ಟೇಟ್ ತಂಡವನ್ನು 114-110ರಿಂದ ಮಣಿಸಿ ರ‍್ಯಾಪ್ಟರ್ಸ್ ತನ್ನ ಮೊದಲ ಪ್ರಶಸ್ತಿ ಗೆದ್ದಿತು. ಜುಲೈನಲ್ಲಿ ಲೆನರ್ಡ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದರು, ಟೊರಾಂಟೊಗೆ ಪ್ರತಿಯಾಗಿ ಏನೂ ಸಿಗಲಿಲ್ಲ. ಆದರೆ ಸಿಯಾಕಮ್, ಅನುನೋಬಿ, ವ್ಯಾನ್‌ವ್ಲೀಟ್ ಮೂವರೂ ಅಲ್ಲೇ ಇದ್ದರು. ಮುಂದಿನ ಋತುವಿನಲ್ಲಿ ಆಡಿದ 72 ಪಂದ್ಯಗಳಲ್ಲಿ 53 ಗೆದ್ದ ಆ ತಂಡ ಪೂರ್ವ ವಲಯದಲ್ಲಿ ಎರಡನೆಯ ಸ್ಥಾನ ಪಡೆಯಿತು.