ಸೋಪ್ ಕ್ಲೈಂಟ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಸುವುದು

ಸಕಲೇಶಪುರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಕಂಪ್ಯೂಟರಿನಿಂದ ಖರೀದಿದಾರರ ಸರ್ವರ್‌ಗೆ ಸೋಪ್ (ಎಕ್ಸ್‌ಎಂಎಲ್ ರೂಪದಲ್ಲಿ ಸಂದೇಶ ಕಳಿಸುವ ವಿಧಾನ) ಮೂಲಕ ಲಾಟ್ ನಂಬರು, ತೂಕ, ತೇವಾಂಶ ಹೋಗಬೇಕು ಎಂದಿಟ್ಟುಕೊಳ್ಳಿ. ಸರ್ವರಿನವರು ಡಬ್ಲ್ಯೂಎಸ್‌ಡಿಎಲ್ (ಸೇವೆಯ ವಿವರಣೆಯ ಫೈಲು) ಲಿಂಕ್, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸುಮ್ಮನಾಗುತ್ತಾರೆ. ಕೋಡ್‌ಗೆ ಕೈಹಾಕುವ ಮೊದಲು ಅವರಿಂದಲೇ ತಿಳಿದುಕೊಳ್ಳಬೇಕಾದ್ದು ಒಂದಿದೆ: ಪಾಸ್‌ವರ್ಡ್ ಹೋಗಬೇಕಾದ್ದು ಸಂದೇಶದ ಹೊರಗಿನ ಎಚ್‌ಟಿಟಿಪಿ ಹೆಡರ್‌ನಲ್ಲೋ, ಎಕ್ಸ್‌ಎಂಎಲ್ ಒಳಗಿನ ಸೋಪ್ ಹೆಡರ್‌ನಲ್ಲೋ? ಡಬ್ಲ್ಯೂಎಸ್‌ಡಿಎಲ್ ಒಳಗೆ ‘ಯೂಸರ್‌ನೇಮ್‌ಟೋಕನ್’ ಎಂಬ ಪಾಲಿಸಿ ಕಂಡರೆ ಸೋಪ್ ಹೆಡರ್. ಕಾಣದಿದ್ದರೆ ಎಚ್‌ಟಿಟಿಪಿ ಎಂದು ತೀರ್ಮಾನಿಸಬೇಡಿ. ಪಾಲಿಸಿ ಬರೆಯದೆ ಬಿಡುವವರೇ ಹೆಚ್ಚು.

ಎಚ್‌ಟಿಟಿಪಿ ಬೇಸಿಕ್ ಆದರೆ ಕೆಲಸ ಸಣ್ಣದು. ಯೂಸರ್‌ನೇಮ್, ನಡುವೆ ಕೋಲನ್, ಪಾಸ್‌ವರ್ಡ್ ಸೇರಿಸಿ ಬೇಸ್64 ಮಾಡಿ, ‘ಬೇಸಿಕ್’ ಪದ ಮತ್ತು ಒಂದು ಸ್ಪೇಸ್ ಆದಮೇಲೆ ಆಥರೈಸೇಶನ್ ಹೆಡರ್‌ಗೆ ಹಾಕುವುದು. ಪಾಸ್‌ವರ್ಡ್‌ನಲ್ಲಿ ಕೋಲನ್ ಇರಬಹುದು, ಯೂಸರ್‌ನೇಮ್‌ನಲ್ಲಿ ಇರಕೂಡದು. ಲಿನಕ್ಸ್‌ನಲ್ಲಿ ಎಕೋ ಬಳಸಿ ಬೇಸ್64 ಮಾಡಿದರೆ ಕೊನೆಗೊಂದು ನ್ಯೂಲೈನ್ ಅಂಟಿಕೊಂಡು 401 (ಗುರುತು ಒಪ್ಪಿಲ್ಲ ಎಂಬ ಎರರ್) ಬರುತ್ತದೆ, ಪ್ರಿಂಟ್‌ಎಫ್ ಬಳಸಿ. ಬೇಸ್64 ಬೀಗವಲ್ಲ, ಯಾರು ಬೇಕಾದರೂ ಬಿಡಿಸಬಹುದು. ಹಾಗಾಗಿ ಎಚ್‌ಟಿಟಿಪಿಎಸ್ ಇಲ್ಲದೆ ಕಳಿಸಲೇಬೇಡಿ.

ಸೋಪ್ ಹೆಡರ್ ಆದರೆ ಮತ್ತೆ ಎರಡು ಬಗೆ: ಪಾಸ್‌ವರ್ಡ್ ಟೆಕ್ಸ್ಟ್ (ಇದ್ದ ಹಾಗೇ ಕಳಿಸುವುದು), ಪಾಸ್‌ವರ್ಡ್ ಡೈಜೆಸ್ಟ್ (ಅದರಿಂದ ಲೆಕ್ಕಹಾಕಿದ ಗುರುತನ್ನು ಕಳಿಸುವುದು). ಜಾವಾದ ಸೋಪ್ ಲೈಬ್ರರಿ ಸಿಎಕ್ಸ್‌ಎಫ್‌ನಲ್ಲಿ ಹೊರಹೋಗುವ ಇಂಟರ್ಸೆಪ್ಟರ್‌ಗೆ (ಸಂದೇಶವನ್ನು ನಡುವೆ ತಡೆದು ಹೆಡರ್ ಸೇರಿಸುವ ಭಾಗ) ಆಕ್ಷನ್, ಯೂಸರ್, ಪಾಸ್‌ವರ್ಡ್ ಟೈಪ್, ಪಾಸ್‌ವರ್ಡ್ ಒದಗಿಸುವ ಕಾಲ್‌ಬ್ಯಾಕ್ ಕ್ಲಾಸ್, ಈ ನಾಲ್ಕನ್ನೂ ಕೊಡಿ. ಟೈಪ್ ಬಿಟ್ಟರೆ ಅದು ತಾನಾಗಿ ಡೈಜೆಸ್ಟ್ ಕಳಿಸುತ್ತದೆ. ಪೈಥಾನ್‌ನ ಸೋಪ್ ಲೈಬ್ರರಿ ಜೀಪ್ ಇದಕ್ಕೆ ಉಲ್ಟಾ, ಹೇಳದಿದ್ದರೆ ಟೆಕ್ಸ್ಟ್. ಒಂದೇ ಪಾಸ್‌ವರ್ಡ್ ಒಂದರಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಎಚ್‌ಟಿಟಿಪಿಎಸ್ ಇದ್ದರೆ ಟೆಕ್ಸ್ಟ್ ಸಾಕು. ಡೈಜೆಸ್ಟ್ ನಡೆಯಬೇಕಾದರೆ ಸರ್ವರಿನವರು ಪಾಸ್‌ವರ್ಡನ್ನು ಮೂಲರೂಪದಲ್ಲೋ ಅದಕ್ಕೆ ಸಮನಾದ ರೂಪದಲ್ಲೋ ಇಟ್ಟುಕೊಂಡಿರಬೇಕು, ಅದೇನೂ ಒಳ್ಳೆಯದಲ್ಲ.

ಆದರೂ ಡೈಜೆಸ್ಟೇ ಬೇಕೆಂದು ಹಟ ಹಿಡಿದರೆ, ಲೆಕ್ಕ ಹೀಗೆ. 16 ಬೈಟಿನ ಯಾದೃಚ್ಛಿಕ ನಾನ್ಸ್ (ಒಮ್ಮೆ ಮಾತ್ರ ಬಳಸುವ ಸಂಖ್ಯೆ), ಅದರ ನಂತರ ‘ಕ್ರಿಯೇಟೆಡ್’ ಸಮಯ, ಅದರ ನಂತರ ಪಾಸ್‌ವರ್ಡ್. ಇಷ್ಟಕ್ಕೂ ಒಟ್ಟಿಗೆ ಶಾ-1 ಎಂಬ ಹ್ಯಾಶ್ ಲೆಕ್ಕ, ಬಂದ 20 ಬೈಟಿಗೆ ಬೇಸ್64. ಎಡವುವುದು ಎರಡು ಕಡೆ. ಎಕ್ಸ್‌ಎಂಎಲ್‌ನಲ್ಲಿ ನಾನ್ಸ್ ಬೇಸ್64 ರೂಪದಲ್ಲಿ ಹೋಗುತ್ತದೆ, ಆದರೆ ಶಾ-1ಗೆ ಕೊಡಬೇಕಾದ್ದು ಮೂಲ ಬೈಟುಗಳನ್ನು. ಇನ್ನೊಂದು, ಶಾ-1 ಫಲಿತಾಂಶದ ಹೆಕ್ಸ್ ಅಕ್ಷರಗಳಿಗೆ ಬೇಸ್64 ಮಾಡಿಬಿಡುವುದು. ಡೈಜೆಸ್ಟ್ 28 ಅಕ್ಷರವಿದ್ದು ಕೊನೆಯಲ್ಲಿ ಒಂದು = ಇದ್ದರೆ ಉದ್ದ ಸರಿ; 56 ಬಂದರೆ ಹೆಕ್ಸ್ ನುಸುಳಿದೆ. ಪ್ರತಿ ಕರೆಗೂ ಹೊಸ ನಾನ್ಸ್ ಬೇಕು, ಹಳೆಯದನ್ನೇ ಕಳಿಸಿದರೆ ರೀಪ್ಲೇ (ಹಳೆ ಸಂದೇಶದ ಮರುಬಳಕೆ) ಎಂದು ಸರ್ವರ್ ತಿರಸ್ಕರಿಸುತ್ತದೆ.

ಇನ್ನು ಗಡಿಯಾರ. ಕ್ರಿಯೇಟೆಡ್ ಸಮಯ ಯುಟಿಸಿಯಲ್ಲಿರಬೇಕು. ನಮ್ಮ ಸಮಯವನ್ನೇ ಬರೆದು ಕೊನೆಗೆ ಯುಟಿಸಿಯ ಗುರುತಾದ ‘ಝಡ್’ ಅಂಟಿಸಿದರೆ ಸಂದೇಶ ಐದೂವರೆ ಗಂಟೆ ಮುಂದಿನದಾಗುತ್ತದೆ. ಸಾಮಾನ್ಯವಾಗಿ ಸರ್ವರ್‌ಗಳು ಸುಮಾರು 5 ನಿಮಿಷ ಹಳೆಯದನ್ನು ಒಪ್ಪುತ್ತವೆ, ಮುಂದಿನದಕ್ಕೆ ಅಷ್ಟೂ ರಿಯಾಯಿತಿ ಇಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟು ಹೇಗೆಂದು ಹೇಳಬೇಕಾಗಿಲ್ಲ. ತೂಕದ ಕೋಣೆಯ ಹಳೆ ಕಂಪ್ಯೂಟರಿನ ಸಿಮೋಸ್ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಎಚ್‌ಟಿಟಿಪಿಎಸ್ ಸರ್ಟಿಫಿಕೇಟೇ ‘ಇನ್ನೂ ಜಾರಿಗೆ ಬಂದಿಲ್ಲ’ ಎಂಬ ಎರರ್ ಕೊಡುತ್ತದೆ. ಬಹಳಷ್ಟು ಮದರ್‌ಬೋರ್ಡ್‌ಗಳಿಗೆ ಸಿಆರ್2032 ಸೆಲ್ ಹೊಂದುತ್ತದೆ. ಅದನ್ನು ಬದಲಿಸಿ, ಇಂಟರ್ನೆಟ್ ಟೈಮ್ ಸಿಂಕ್ ಆನ್ ಮಾಡಿ.

ಕೈಯಾರೆ ಎಕ್ಸ್‌ಎಂಎಲ್ ಜೋಡಿಸುವವರು ಪಾಸ್‌ವರ್ಡ್‌ನಲ್ಲಿರುವ & ಮತ್ತು < ಗುರುತುಗಳನ್ನು ಎಸ್ಕೇಪ್ ಮಾಡಬೇಕು, ಅಂದರೆ & ಮತ್ತು < ಎಂದು ಬರೆಯಬೇಕು.

ಎರರ್ ಬಂದಾಗ ಅದು ಯಾವ ಪದರದ್ದೆಂದು ನೋಡಿ. 401 ಸಾಮಾನ್ಯವಾಗಿ ಎಚ್‌ಟಿಟಿಪಿ ಪದರದ್ದು. 500 ಜೊತೆಗೆ ‘ಫೇಲ್ಡ್ ಅಥೆಂಟಿಕೇಶನ್’ ಎಂಬ ಸೋಪ್ ಫಾಲ್ಟ್ (ಸೋಪ್‌ನ ಎರರ್ ಸಂದೇಶ) ಬಂದರೆ ಟೋಕನ್ ತಲುಪಿದೆ, ಒಪ್ಪಿಗೆಯಾಗಿಲ್ಲ; ‘ಮೆಸೇಜ್ ಎಕ್ಸ್‌ಪೈರ್ಡ್’ ಆದರೆ ಗಡಿಯಾರ. ಇವುಗಳಲ್ಲಿ ಯಾವುದೇ ಬಂದರೂ ಪ್ರೋಗ್ರಾಂ ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸುವಂತೆ ಬಿಡಬೇಡಿ: ರಾತ್ರಿಯಿಡೀ ತಪ್ಪು ಪಾಸ್‌ವರ್ಡ್ ಕಳಿಸುತ್ತ ಕೂತರೆ ಬೆಳಿಗ್ಗೆ ಹೊತ್ತಿಗೆ ಖಾತೆ ಲಾಕ್ ಆಗಿರುತ್ತದೆ. ಪಾಸ್‌ವರ್ಡನ್ನು ಕೋಡ್‌ನಲ್ಲಿ ಬರೆಯದೆ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿಡಿ. ಪರೀಕ್ಷೆಗೆಂದು ಆನ್ ಮಾಡಿದ ಸಂದೇಶದ ಲಾಗ್ ಅನ್ನು ಕೆಲಸ ಮುಗಿದಮೇಲೆ ಆಫ್ ಮಾಡಿ, ಹಳೆ ಲಾಗ್ ಫೈಲನ್ನು ಅಳಿಸಿ. ಟೆಕ್ಸ್ಟ್ ಬಗೆಯಾದರೆ ಪಾಸ್‌ವರ್ಡ್ ಅದರಲ್ಲಿ ಇದ್ದ ಹಾಗೇ ಕೂತಿರುತ್ತದೆ.