ಮೂರು ಹಳಿಯ ಮೇಲೆ 69567

ಹಳೇ ಆಟಿಕೆ ರೈಲನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುವವರು ಒಂದು ಜಾತಿ, ಓಡಿಸಿ ನೋಡುವವರು ಇನ್ನೊಂದು. ನಾನು ಎರಡನೇ ಜಾತಿ. ಬೆಂಗಳೂರಿನ ದಂಡು ಪ್ರದೇಶದ ಹಳೇ ಮನೆಯೊಂದನ್ನು ಖಾಲಿ ಮಾಡುವಾಗ ರದ್ದಿ ಸಾಮಾನಿನ ಜೊತೆ ಹೊರಬಿದ್ದ ಹಾರ್ನ್‌ಬಿ ಡಬ್ಲೊ ಅನ್ನೋ ಬ್ರಿಟಿಷ್ ಆಟಿಕೆ ರೈಲಿನ ಎಂಜಿನ್ ನನ್ನ ಪಾಲಿಗೆ ಬಂತು. ಕಪ್ಪು ಮೈ, ಬದಿಯಲ್ಲಿ 69567 ಅನ್ನೋ ನಂಬರು. ಕರೆಂಟು ಕೊಟ್ಟರೆ ಬಿಸಿಯಾಗುತ್ತಿತ್ತೇ ಹೊರತು ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಡಬ್ಲೊ ಶುರುವಾದದ್ದು 1938ರಲ್ಲಿ, ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿದ್ದ ಮೆಕ್ಯಾನೊ ಕಾರ್ಖಾನೆಯಲ್ಲಿ. ನಿಜವಾದ ರೈಲಿನ ಒಂದು ಅಡಿ ಇಲ್ಲಿ 4 ಮಿಲಿಮೀಟರ್. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 1959ರವರೆಗೆ ಕರೆಂಟಿನಲ್ಲಿ ಓಡುವಂಥದ್ದು ಬಂದದ್ದೆಲ್ಲ ಮೂರು ಹಳಿಯ ರೈಲು. ನಡುವಿನ ಹಳಿಯಿಂದ ಕರೆಂಟು ಒಳಕ್ಕೆ, ಅಕ್ಕಪಕ್ಕದ ಹಳಿಗಳಿಂದ ವಾಪಸು. ನಿಜವಾದ ರೈಲಿನ ಹಾಗೆ ಕಾಣೋದಿಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಹಳಿಯನ್ನು ಸುತ್ತಿಸಿ ತಂದು ಅದಕ್ಕೇ ಜೋಡಿಸಿ ರೈಲನ್ನು ತಿರುಗುಮುಖ ಮಾಡಿದರೂ ಇಲ್ಲಿ ಶಾರ್ಟ್ ಆಗೋದಿಲ್ಲ. ಎರಡು ಹಳಿಯವರು ಅದಕ್ಕೆ ಬೇರೆ ವೈರಿಂಗ್ ಮಾಡಿಕೊಳ್ಳಬೇಕು.

ಚಕ್ರವನ್ನು ಬೆರಳಲ್ಲಿ ತಿರುಗಿಸಿ "ಜಾಮ್ ಆಗಿದೆ" ಅಂತ ತೀರ್ಮಾನಕ್ಕೆ ಬರಬೇಡಿ. ಮೋಟರಿನ ಕಡ್ಡಿಯಲ್ಲಿ ತಿರುಪಿನಂಥ ವರ್ಮ್ ಗೇರ್ ಇದೆ, ಚಕ್ರದ ಕಡೆಯಿಂದ ಅದು ತಿರುಗೋದೇ ಇಲ್ಲ. ಮೇಲಿನ ಕವಚ ಬಿಚ್ಚಿ ಆರ್ಮೇಚರನ್ನೇ, ಅಂದರೆ ಮೋಟರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗವನ್ನೇ, ಮೆಲ್ಲಗೆ ತಿರುಗಿಸಿ ನೋಡಬೇಕು. ನನ್ನದರಲ್ಲಿ ಹಳೇ ಎಣ್ಣೆ ಕೆಟ್ಟ ಬೆಲ್ಲದ ಪಾಕದ ಹಾಗೆ ಬೇರಿಂಗಿಗೆ ಕಚ್ಚಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಅದನ್ನು ಕರಗಿಸಿ ತೆಗೆದೆ. ತಾಳ್ಮೆ ಬೇಕಾದ ಕೆಲಸ, ಕಷ್ಟದ್ದಲ್ಲ.

ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡುಗಳಾದ ಬ್ರಷ್‌ಗಳ ಮುಚ್ಚಳ ಬಿಚ್ಚುವಾಗ ಮಾತ್ರ ಅಂಚಿರುವ ತಟ್ಟೆಯ ಮೇಲೆ ಕೆಲಸ ಮಾಡಿ. ಕೂದಲೆಳೆಯಂಥ ಸ್ಪ್ರಿಂಗ್ ಚಿಮ್ಮಿದರೆ ಮತ್ತೆ ಸಿಗೋದಿಲ್ಲ. ಬ್ರಷ್ ಉಜ್ಜುವ ಭಾಗವಾದ ಕಮ್ಯುಟೇಟರಿನಲ್ಲಿ ಮೂರು ತಾಮ್ರದ ತುಂಡುಗಳು, ಅವುಗಳ ನಡುವೆ ಸಣ್ಣ ಸಂದು. ಬ್ರಷ್ಷಿನ ಇಂಗಾಲದ ಪುಡಿ ಆ ಸಂದಿನಲ್ಲಿ ತುಂಬಿಕೊಂಡರೆ ಕರೆಂಟು ಸುರುಳಿಯೊಳಗೆ ಹೋಗದೆ ಅಡ್ಡಹಾದಿ ಹಿಡಿಯುತ್ತೆ, ಮೋಟರಿನ ಶಕ್ತಿ ಅಲ್ಲೇ ಸೋರಿಹೋಗುತ್ತೆ. ಹಲ್ಲುಕಡ್ಡಿಯ ತುದಿಯಿಂದ ಸಂದುಗಳನ್ನು ಒಂದೊಂದಾಗಿ ಕೆರೆದೆ; ಕರ್ರಗಿನ ಪುಡಿ ಉದುರಿ, ಅಡಿಯಲ್ಲಿ ಹೊಂಬಣ್ಣದ ತಾಮ್ರ ಕಂಡಿತು. ಉಪ್ಪುಕಾಗದದ ಗೊಡವೆಗೆ ಹೋಗಲಿಲ್ಲ. ಆರ್ಮೇಚರನ್ನು ಪೂರ್ತಿ ಹೊರಗೆ ತೆಗೆಯಲೂ ಇಲ್ಲ. ತೆಗೆಯಲೇಬೇಕಾದರೆ ಆಯಸ್ಕಾಂತದ ಎರಡು ತುದಿಗೂ ತಾಗುವ ಹಾಗೆ ಕಬ್ಬಿಣದ ತುಂಡೊಂದನ್ನು ಮೊದಲೇ ಇಡಬೇಕು, ಇಲ್ಲದಿದ್ದರೆ ಇಂಥ ಹಳೇ ಆಯಸ್ಕಾಂತಗಳ ಕಸುವು ಇಳಿದುಬಿಡುತ್ತೆ. ಕೊನೆಗೆ ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ, ಸೂಜಿ ಮೊನೆಯಲ್ಲಿ ಒಂದೇ ತೊಟ್ಟು. ಹೆಚ್ಚಾದರೆ ಅದೇ ಎಣ್ಣೆ ಬ್ರಷ್ಷಿಗೆ ಹರಿದು ಮತ್ತೆ ಕೊಳೆ ಕಟ್ಟುತ್ತೆ.

ಈ ರೈಲಿನ ಕಾಲದ ಪವರ್ ಬಾಕ್ಸ್ ಸಿಕ್ಕಿದರೂ ನಾನು ಉಪಯೋಗಿಸೋದಿಲ್ಲ. ಒಳಗಿನ ವೈರಿನ ರಬ್ಬರು ಪುಡಿಯಾಗಿರುತ್ತೆ, ಆ ಕಡೆ ಇರೋದು ಮನೆಯ 230 ವೋಲ್ಟು. 12 ವೋಲ್ಟಿನ ಡಿಸಿ ಸಪ್ಲೈ, ಅದರಲ್ಲೊಂದು ಆ್ಯಂಪಿಯರ್ ಮೀಟರ್ ಇದ್ದರೆ ಸಾಕು. ಎಂಜಿನ್ ಮೊದಲು ತೊದಲುತ್ತಾ, ಸಣ್ಣ ಕಿಡಿ ಹಾರಿಸುತ್ತಾ ಹೊರಟಾಗ ಮೀಟರ್ ಒಂದು ಆ್ಯಂಪಿಯರ್ ತೋರಿಸುತ್ತಿತ್ತು. ಸುತ್ತು ಹೊಡೆಯುತ್ತಾ ಹೋದ ಹಾಗೆ ಮುಳ್ಳು ಅರ್ಧದ ಹತ್ತಿರಕ್ಕೆ ಇಳಿಯಿತು. ಬಿಸಿ ಎಣ್ಣೆ ಮತ್ತು ಕಿಡಿಯ ಆ ವಾಸನೆ ಕೋಣೆಯಲ್ಲಿ ತುಂಬಿದರೆ ನಮ್ಮ ಮನೆಯಲ್ಲಿ ಕಿಟಕಿ ತೆರೆಯುತ್ತಾರೆ. ನನಗೇನೋ ಹಿತ.

ಬಣ್ಣಕ್ಕೆ ಕೈ ಹಚ್ಚಲಿಲ್ಲ. ಮೂಲೆಗಳಲ್ಲಿ ಕಪ್ಪು ಸವೆದು ಬೂದು ಲೋಹ ಕಾಣುತ್ತೆ, ಕಾಣಲಿ. ರೈಲು ನಿಲ್ದಾಣಗಳ ಮುಂದೆ ನಿಲ್ಲಿಸಿದ ಎಷ್ಟೋ ದೊಡ್ಡ ಎಂಜಿನ್‌ಗಳಿಗೆ ಪದರದ ಮೇಲೆ ಪದರ ಎನಾಮೆಲ್ ಬಳಿದು, ತಯಾರಿಕಾ ಫಲಕದ ಅಕ್ಷರವೇ ಮುಚ್ಚಿಹೋಗಿರುತ್ತೆ. ಆ ಎಂಜಿನ್ ಎಲ್ಲಿ ಹುಟ್ಟಿತು, ಯಾವ ವರ್ಷ ಅಂತ ಓದಲಾಗದಷ್ಟು ಹೊಳಪು ಯಾರಿಗೆ ಬೇಕು?

ನನ್ನ ಪುಟ್ಟ ಎಂಜಿನ್ನಿನ ಮೂಲ, ಬ್ರಿಟಿಷ್ ಎಂಜಿನ್ ವಿನ್ಯಾಸಕ ನೈಜೆಲ್ ಗ್ರೆಸ್ಲಿ ಲಂಡನ್ನಿನ ಉಪನಗರ ರೈಲುಗಳಿಗಾಗಿ ರೂಪಿಸಿದ ಎನ್2 ವರ್ಗ. ಸುರಂಗದಲ್ಲಿ ಹೊಗೆಹಬೆ ಕಡಿಮೆ ಇರಲಿ ಅಂತ, ಬಳಸಿ ಬಿಟ್ಟ ಹಬೆಯನ್ನು ಪಕ್ಕದ ನೀರಿನ ಟ್ಯಾಂಕಿಗೇ ತಿರುಗಿಸುವ ಕೊಳವೆ ಅವಕ್ಕಿತ್ತು. ಆ ವರ್ಗದಲ್ಲಿ ಇವತ್ತು ಉಳಿದಿರುವುದು 1921ರಲ್ಲಿ ಗ್ಲಾಸ್ಗೊದಲ್ಲಿ ತಯಾರಾದ, 1744 ನಂಬರಿನ ಎಂಜಿನ್ ಒಂದೇ. ಅದನ್ನು ನಾನು ಫೋಟೊದಲ್ಲಷ್ಟೇ ನೋಡಿದ್ದೇನೆ.

ಹತ್ತಿ ಮುಟ್ಟಿ ನೋಡೋಕೆ ನಮಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ, 1979ರಿಂದ. ಉಸಿರಾಡುವ ಎಂಜಿನ್ ಬೇಕೆಂದರೆ ನೀಲಗಿರಿಗೆ ಹೋಗಬೇಕು. ಅಲ್ಲಿನ ಎಕ್ಸ್ ವರ್ಗದ ಎಂಜಿನ್ನಿಗೆ ಪ್ರತಿ ಬದಿಯಲ್ಲೂ ಎರಡು ಸಿಲಿಂಡರ್, ಒಂದರ ಮೇಲೊಂದು. ಕಲ್ಲಾರ್ ನಿಲ್ದಾಣ ದಾಟಿ 12.5 ಅಡಿಗೆ ಒಂದಡಿ ಏರುವ ಕಡಿದಾದ ದಾರಿಯಲ್ಲಿ, ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರುವ ಹಲ್ಲುಹಳಿ ಶುರುವಾಗುತ್ತೆ. ಅಲ್ಲಿ, ಕೆಳಗಿನ ಸಿಲಿಂಡರಿನಲ್ಲಿ ಒಮ್ಮೆ ದುಡಿದ ಹಬೆ ಮೇಲಿನದಕ್ಕೆ ಹೋಗಿ ಹಲ್ಲುಚಕ್ರಗಳನ್ನು ತಿರುಗಿಸುತ್ತೆ. ಆಗ ಮೇಲಿನ ಕಡ್ಡಿಗಳು ಕೆಳಗಿನವಕ್ಕಿಂತ ಜೋರಾಗಿ, ಅದೂ ಎದುರು ದಿಕ್ಕಿಗೆ ತಿರುಗುತ್ತವೆ. ಎಂಜಿನ್ ಯಾವಾಗಲೂ ಇಳಿಜಾರಿನ ಕಡೆ ಇದ್ದು ಬೋಗಿಗಳನ್ನು ಮೇಲಕ್ಕೆ ತಳ್ಳುತ್ತೆ, ಆದ್ದರಿಂದ ಶಬ್ದ ಕೇಳಬೇಕಾದವರು ಹಿಂದಿನ ಬೋಗಿಯಲ್ಲಿ ಕೂರಬೇಕು. ಮೈಸೂರಿಂದ ಬಸ್ಸಿನಲ್ಲಿ ಊಟಿಗೆ ಹೋಗಿ ಅಲ್ಲಿ ರೈಲು ಹತ್ತಿ ಕೂನೂರಿಗೇ ಇಳಿದುಬಿಡುವವರಿಗೆ ಸಾಮಾನ್ಯವಾಗಿ ಸಿಗೋದು ಡೀಸೆಲ್ ಎಂಜಿನ್. ಹಬೆಯ ಆಸೆ ಇದ್ದವರು ಬೆಳಗ್ಗೆ ಮೆಟ್ಟುಪಾಳಯದಲ್ಲೇ ಹತ್ತಿ, ಟಿಕೆಟ್ ಮುಂಚೆಯೇ ಮಾಡಿಸಿಕೊಳ್ಳಿ.