ಚುಕ್ಕಿ, ನಾಲ್ಕು ಕ್ವಾರ್ಟರ್ ಮತ್ತು ನಾವು ಮಾಡಿಕೊಂಡ ನಿಯಮಗಳು

ನಾನು ಇರುವುದು ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾದಲ್ಲಿ. ನಾವು ಐದು ಜನ ಸೇರಿ ಪಶ್ಚಿಮ ಕಾನ್ಸಸ್‌ನಲ್ಲಿ ಒಬ್ಬ ರೈತರ ಜಮೀನನ್ನು ಬೇಟೆಗೆ ಅಂತ ವರ್ಷದ ಗುತ್ತಿಗೆಗೆ ಹಿಡಿದಿದ್ದೇವೆ. ಒಂದು ಸೆಕ್ಷನ್, ಅಂದ್ರೆ 640 ಎಕರೆ. ಅರ್ಧ ಭಾಗ ಜೋಳ. ಹೌದು, ನಮ್ಮ ಜೋಳವೇ, ಇಲ್ಲಿ ಮೈಲೋ ಅಂತಾರೆ, ಅಮೆರಿಕದಲ್ಲಿ ಅದನ್ನು ಎಲ್ಲರಿಗಿಂತ ಜಾಸ್ತಿ ಬೆಳೆಯುವ ರಾಜ್ಯ ಇದೇ. ಉಳಿದರ್ಧ ಸಿಆರ್‌ಪಿ ಹುಲ್ಲು: ಮಣ್ಣು ಕೊಚ್ಚಿಹೋಗದಿರಲಿ ಅಂತ ಸರ್ಕಾರ ರೈತರಿಗೆ ಹಣ ಕೊಟ್ಟು ಬೆಳೆ ಬೆಳೆಯುವುದನ್ನು ನಿಲ್ಲಿಸಿದ ಜಾಗ. ಜೋಳದ ಕೂಳೆ ಮತ್ತು ಎತ್ತರದ ಹುಲ್ಲು ಅಕ್ಕಪಕ್ಕ ಇದ್ದರೆ ನಾವು ಬೇಟೆಯಾಡುವ ಫೆಸೆಂಟ್ ಅನ್ನೋ ಕೋಳಿ ಜಾತಿಯ ಕಾಡುಹಕ್ಕಿಗೆ ಊಟವೂ ಸಿಕ್ಕಿತು, ಮನೆಯೂ ಸಿಕ್ಕಿತು.

ಊರಿಗೆ ಫೋನ್ ಮಾಡಿದಾಗ ಎಲ್ಲರೂ ಕೇಳುತ್ತಾರೆ, ಬೇಟೆ ತಪ್ಪಲ್ವಾ ಅಂತ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಅಲ್ಲಿ ನಾನು ಇದನ್ನು ಯೋಚಿಸುವುದೂ ಇಲ್ಲ. ಇಲ್ಲಿ ಲೈಸೆನ್ಸ್ ಇದೆ, ನವೆಂಬರ್ ಎರಡನೇ ಶನಿವಾರದಿಂದ ಜನವರಿ 31ರವರೆಗೆ ಸೀಸನ್, ಒಬ್ಬರಿಗೆ ದಿನಕ್ಕೆ ನಾಲ್ಕು ಫೆಸೆಂಟ್ ಹುಂಜ. ಹೇಟೆಯನ್ನು ಹೊಡೆಯುವಂತಿಲ್ಲ.

ನನ್ನ ನಾಯಿ ಚುಕ್ಕಿ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್. ಮುಧೋಳದ ನಾಯಿ ಕಣ್ಣಲ್ಲಿ ನೋಡಿ ಅಟ್ಟಿಸಿಕೊಂಡು ಹೋಗುತ್ತದೆ. ಇವಳು ಮೂಗಲ್ಲಿ ಹಿಡಿದು, ಹಕ್ಕಿ ಹುಲ್ಲಲ್ಲಿ ಕೂತಿದ್ದರೆ ಕಲ್ಲಿನ ಹಾಗೆ ನಿಂತುಬಿಡುತ್ತಾಳೆ. ಆದರೆ ಫೆಸೆಂಟ್ ಹುಂಜ ಯಾವಾಗಲೂ ಕೂರುವುದಿಲ್ಲ, ಓಡುತ್ತದೆ. ಮೊದಲ ವರ್ಷ ನಮಗೆ ನಿಯಮ ಅಂತ ಏನೂ ಇರಲಿಲ್ಲ. ಒಂದು ಬೆಳಗ್ಗೆ ಓಡುವ ಹುಂಜದ ವಾಸನೆ ಹಿಡಿದು ಚುಕ್ಕಿ ಸೀದಾ ಹಳ್ಳದ ಕಡೆ ಹೋದಳು. ಅಲ್ಲಿ ನಮ್ಮಲ್ಲೇ ಒಬ್ಬರು ಬಿಲ್ಲು ಹಿಡಿದು, ಜಿಂಕೆಗೆ ಅಂತ ಕತ್ತಲಿಂದ ಮರದ ಮೇಲೆ ಕೂತಿದ್ದರು. ನಾನು ಸೀಟಿ ಊದಿದೆ, ಊದಿದೆ, ಬರಲಿಲ್ಲ. ಅವರು ಒಂದು ಮಾತೂ ಆಡದೆ ಇಳಿದು ಗಾಡಿ ತೆಗೆದುಕೊಂಡು ಹೊರಟುಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಕ್ಷಮೆ ಕೇಳಿ, ಎಲ್ಲರೂ ಕೂತು ಬರೆದೇ ಇಡೋಣ ಅಂದೆ.

ಸೆಕ್ಷನ್ನನ್ನು 160 ಎಕರೆಯ ನಾಲ್ಕು ಕ್ವಾರ್ಟರ್ ಮಾಡಿದೆವು. ಹೋಗುವವರು ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಯಾವ ಕ್ವಾರ್ಟರ್ ಅಂತ ಹಾಕಬೇಕು, ಫೋನ್ ಮಾಡದೆ ಬೇರೆಯವರು ಅಲ್ಲಿಗೆ ಕಾಲಿಡುವಂತಿಲ್ಲ. ನವೆಂಬರ್‌ನಲ್ಲಿ ಹಳ್ಳದ ಪಟ್ಟಿಗೆ ಬೆಳಗ್ಗೆ ಹತ್ತರ ತನಕ ನಾಯಿ ಇಲ್ಲ. ಬಂದೂಕಿನ ಜಿಂಕೆ ಸೀಸನ್ನಿನ ಹನ್ನೆರಡು ದಿನ ನಾಯಿಯೇ ಇಲ್ಲ.

ಎಲ್ಲಕ್ಕಿಂತ ಕಷ್ಟವಾಗಿದ್ದು ಕರೆದರೆ ಬರುವ ಪರೀಕ್ಷೆ. ಸೀಸನ್ನಿಗೆ ಮೊದಲು ಎಲ್ಲರ ಎದುರಿಗೆ ನಾಯಿಯನ್ನು ಬಿಟ್ಟು, ನೂರು ಹೆಜ್ಜೆ ದೂರ ಹೋದ ಮೇಲೆ ಸೀಟಿ ಊದಬೇಕು, ಮೂರಕ್ಕೆ ಮೂರು ಸಲ ತಿರುಗಿ ಬರಬೇಕು. ಚುಕ್ಕಿಗೆ ನಾನು ಆ ಬೇಸಿಗೆ ಪೂರ್ತಿ ಉದ್ದ ಹಗ್ಗ ಕಟ್ಟಿ, ದಿನಾ ಊಟದ ಹೊತ್ತಿಗೇ ಸೀಟಿ ಊದಿ ಕಲಿಸಿದೆ. ಅವಳು ಪಾಸಾದಳು. ನನ್ನ ಆಪ್ತ ಗೆಳೆಯನ ನಾಯಿ ಪಾಸಾಗಲಿಲ್ಲ, ಚಿಕ್ಕ ಮರಿ, ಒಳ್ಳೆ ಮೂಗು, ಆದರೆ ಕಿವಿ ಕೊಡುವುದಿಲ್ಲ. ಆ ವರ್ಷ ಅವನು ನಾಯಿ ಇಲ್ಲದೆ ಬಂದ. ನನಗೆ ತುಂಬಾ ಬೇಜಾರಾಯಿತು, ಆದರೂ ವಿನಾಯಿತಿ ಕೊಡಬಾರದು ಅಂತ ನಾನೇ ಹಟ ಹಿಡಿದೆ. ಬೇಲಿ ಎಲ್ಲಿದೆ, ಮರದ ಮೇಲೆ ಯಾರಿದ್ದಾರೆ ಅಂತ ನಾಯಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರುತ್ತದೆ. ಜಿಪಿಎಸ್ ಕಾಲರ್ ಎಲ್ಲರ ನಾಯಿಗೂ ಇದೆ, ಆದರೆ ಅದು ನಾಯಿ ಎಲ್ಲಿದೆ ಅಂತ ತೋರಿಸುತ್ತದೆ ಅಷ್ಟೇ, ವಾಪಸ್ ತರುವುದಿಲ್ಲ.

ಎರಡು ನಾಯಿ ಒಟ್ಟಿಗೆ ಬಿಟ್ಟರೆ, ಒಂದು ನಾಯಿ ಹಕ್ಕಿಯ ವಾಸನೆ ಹಿಡಿದು ನಿಂತಾಗ ಇನ್ನೊಂದು ಹಿಂದೆಯೇ ನಿಲ್ಲಬೇಕು. ನುಗ್ಗುವ ನಾಯಿ ಆ ದಿನ ಗಾಡಿಗೆ. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಗುಂಡು ಹೊಡೆಯುವಂತಿಲ್ಲ, ಯಾಕಂದ್ರೆ ತಗ್ಗಿನಲ್ಲಿ ಹಾರುವ ಹಕ್ಕಿಯ ಹಿಂದೆ ನಾಯಿ ಜಿಗಿದಿರುತ್ತದೆ. ಮನುಷ್ಯರಿಗೂ ನಾಯಿಗೂ ಕಿತ್ತಳೆ ಬಣ್ಣದ ಜಾಕೆಟ್. ರೇಬೀಸ್ ಲಸಿಕೆ ಇರಬೇಕು, ಬೆದೆಗೆ ಬಂದ ಹೆಣ್ಣುನಾಯಿ ಮನೆಯಲ್ಲೇ ಇರಬೇಕು. ರೈತರ ದನ ಅಟ್ಟಿಸಿದರೆ ಆ ಸೀಸನ್ ಮುಗಿಯಿತು. ಏಪ್ರಿಲ್‌ನಿಂದ ಜುಲೈವರೆಗೆ ಹಕ್ಕಿಗಳು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ, ಆಗ ಹುಲ್ಲಿನಲ್ಲಿ ತರಬೇತಿ ಬೇಡ.

ಬಾಬ್‌ವೈಟ್ ಕ್ವೇಲ್ ವಿಷಯದಲ್ಲಿ ನಾವು ಇನ್ನೂ ಬಿಗಿ. ನಮ್ಮ ಲಾವಕ್ಕಿಯ ಹಾಗೆ ಪುಟ್ಟ ಹಕ್ಕಿ, ಗುಂಪಾಗಿ ಇರುತ್ತದೆ. ರಾತ್ರಿ ಚಳಿಗೆ ಬಾಲ ಒಳಗೆ, ತಲೆ ಹೊರಗೆ ಮಾಡಿ ದುಂಡಗೆ ಒತ್ತಿಕೊಂಡು ಕೂರುತ್ತವೆ. ಸಂಜೆ ಗುಂಪು ಚದುರಿಸಿದರೆ ಕತ್ತಲಾಗುವ ಮುಂಚೆ ಸೇರಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಮಧ್ಯಾಹ್ನ ಮೂರೂವರೆ ಆದ ಮೇಲೆ ಕ್ವೇಲ್ ಹಿಂದೆ ನಾಯಿ ಬಿಡುವುದಿಲ್ಲ, ಎಂಟಕ್ಕಿಂತ ಕಡಿಮೆ ಇರುವ ಗುಂಪನ್ನು ಮುಟ್ಟುವುದಿಲ್ಲ.

ಈ ವರ್ಷ ಉಳಿದಿರುವ ಚರ್ಚೆ ಅತಿಥಿಗಳ ನಾಯಿಯದು. ಇಬ್ಬರು ದಿನಕ್ಕೊಂದಾದರೂ ಬಿಡೋಣ ಅಂತಾರೆ. ಅವೂ ನೂರು ಹೆಜ್ಜೆಯ ಪರೀಕ್ಷೆ ಪಾಸಾಗಲಿ, ಆಮೇಲೆ ಕರೆದುಕೊಂಡು ಬನ್ನಿ ಅಂತ ನಾನು. ಮರದ ಮೇಲೆ ಕೂತಿದ್ದ ಆ ಗೆಳೆಯರೂ ಈ ವಿಷಯದಲ್ಲಿ ನನ್ನ ಕಡೆಗೇ ಇದ್ದಾರೆ.